ಮೂರು ಊರು ಸುತ್ತಿದ ಒಲೆ

ಬೆಂಕಿಯಿಲ್ಲದೆ ಹೊಗೆಯಾಡೋದಿಲ್ಲ ಅಂತ ಗಾದೆ. ಬಾಜೂ ಮನೆಯವರಿಲ್ಲದೆ ಆ ಹೊಗೆ ಯಾರ ಕಣ್ಣಿಗೂ ಬೀಳೋದಿಲ್ಲ ಅಂತ ನಾನು ಅದಕ್ಕೆ ಸೇರಿಸಿದ್ದೇನೆ. ಗುಜರಾತಿನ ಮೂರು ಊರುಗಳಲ್ಲಿ ನನ್ನ ಹೆಂಡತಿ ಕಟ್ಟಿಗೆ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದಳು, ನಾನು ಸೈಕಲ್ ಮೇಲೆ ಕನ್ನಡದವರ ಮನೆಮನೆಗೆ ಮುಟ್ಟಿಸಿದೆ. ಮೂರೂ ಕಡೆ ದೂರು ಬಂತು. ಸಾಲಿ ಮೆಟ್ಟಿಲು ಹತ್ತಿದವನಲ್ಲ ನಾನು. ಆದರೆ ಹೊಗೆಯ ವಿಷಯದಲ್ಲಿ ನನಗೆ ಪಾಠ ಹೇಳುವವ ಇನ್ನೂ ಹುಟ್ಟಿಲ್ಲ.

ಗ್ಯಾಸ್ ಇಲ್ಲವೇ ಅಂತ ಕೇಳಬೇಡಿ. ಚಹಾಕ್ಕೆ ಗ್ಯಾಸ್ ಇದೆ. ರೊಟ್ಟಿ ಮಾತ್ರ ಕೆಂಡದ ಮುಂದೆ ನಿಂತರೇ ಉಬ್ಬುವುದು. ಊರು ಬಿಡುವಾಗೆಲ್ಲ ನಮ್ಮಾಕಿ ತನ್ನ ಕೈಯಾರೆ ಮಣ್ಣಿನ ಒಲೆ ಒಡೆದು, ಅದರದೊಂದು ಹೆಂಟೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಹೊಸ ಊರಿನ ಮಣ್ಣಿಗೆ ಕಲಸುತ್ತಾಳೆ. ಮೊದಲ ಹೆಂಟೆ ಅವಳ ತವರಿನದು. ಒಡೆಯುವ ದಿನ ಊಟ ಮಾಡುವುದಿಲ್ಲ.

ಉಧ್ನಾದ ಮಾಳಿಗೆ

ಸೂರತ್ತಿನ ಉಧ್ನಾದಲ್ಲಿ ನಾವಿದ್ದಾಗ ಸುತ್ತಲೂ ಬಟ್ಟೆ ಕಾರಖಾನೆಗಳ ಚಿಮಣಿ. ಅವುಗಳ ನಡುವೆ ನಮ್ಮದೊಂದು ಒಲೆ. ಆ ಹೊಗೆ ಎಷ್ಟು ಗಟ್ಟಿ ಇತ್ತೆಂದರೆ ಅದರ ಮೇಲೆ ಕಾಗೆ ಕೂತು ತೂಕಡಿಸುತ್ತಿತ್ತು. ನಗಬೇಡಿ, ನಾನೇ ಕಂಡದ್ದು.

ಹಿಂದಿನ ಮನೆಯವ ಬಟ್ಟೆಗೆ ಬಣ್ಣ ಹಾಕುವ ಕಾರಖಾನೆಯಲ್ಲಿ ಬಾಯ್ಲರ್ ಮುಂದೆ ನಿಲ್ಲುವವ. ದಿನಾ ಸಂಜೆ ಬಂದು ಜಗಳ. "ಕಾಕಾ, ದಿನವೆಲ್ಲ ಹೊಗೆ ಕುಡಿದು ಬರ್ತೀನಿ. ಮನೆಗೆ ಬಂದರೂ ಹೊಗೆನಾ?"

"ಅದು ನಿನ್ನ ಕಾರಖಾನೆಯದೇ ಹೊಗೆ ತಮ್ಮಾ. ನಿನ್ನ ಬೆನ್ನು ಹತ್ತಿ ಬಂದದ" ಅಂದೆ.

ನಿಜ ಯಾವುದು ನೋಡೇಬಿಡೋಣ ಅಂತಾಯಿತು. ಮರುದಿನ ಸಂಜೆ ನಮ್ಮ ಒಲೆಗೆ ನೀರು ಹಾಕಿದೆವು. ಹೊಗೆ ಬರುತ್ತದೋ ಇಲ್ಲವೋ ಕಾಯಲು ಅವನು, ಅವನ ಹೆಂಡತಿ ತಮ್ಮ ಮಾಳಿಗೆ ಮೇಲೆ ನಿಂತರು. ನಾನು ನಮ್ಮ ಅಂಗಳದಲ್ಲಿ ಎದೆಯುಬ್ಬಿಸಿ ನಿಂತೆ. ಸ್ವಲ್ಪ ಹೊತ್ತಿಗೆ ಕಪ್ಪಗೆ, ದಪ್ಪಗೆ ಹೊಗೆ ಎದ್ದಿತು.

"ನೋಡಿದ್ಯಾ? ನಮ್ಮ ಒಲೆ ತಣ್ಣಗದ!" ಅಂತ ಕೂಗಿದೆ.

ಅವನ ಹೆಂಡತಿ ಮೂಗು ಎಳೆದಳು. ಆಮೇಲೆ ಎದೆ ಬಡಿದುಕೊಂಡು ಕೆಳಗೆ ಓಡಿದಳು. ನಮ್ಮ ಹೊಗೆ ಕಾಯುತ್ತ ನಿಂತವಳ ಬೇಳೆ ತಳ ಹಿಡಿದು ಉರಿದಿತ್ತು. ಆ ಸಂಜೆ ನಾವೇ ಒಲೆ ಹೊತ್ತಿಸಿ ಅವರಿಗೆ ರೊಟ್ಟಿ ಕಳಿಸಿದೆವು. ಹೊಟ್ಟೆ ತುಂಬ ಉಂಡ. ಮರುದಿನ ಅದೇ ಹೊಟ್ಟೆಯ ಬಲದ ಮೇಲೆ ಮನೆ ಮಾಲೀಕನ ತನಕ ನಡೆದುಹೋಗಿ ದೂರು ಕೊಟ್ಟು ಬಂದ.

ಮಂಜಲ್‌ಪುರದ ಹುಳ

ಮಾಲೀಕ ಮನೆ ಬಿಡಿಸಿದ. ಒಲೆ ಒಡೆದು ವಡೋದರಾದ ಮಂಜಲ್‌ಪುರಕ್ಕೆ ಬಂದೆವು. ಬಾಜೂ ಮನೆಯಲ್ಲಿ ಜೈನರ ಅಜ್ಜಿ. ಎಲ್ಲರೂ ಗುಜರಾತಿಯಲ್ಲಿ 'ಬಾ' ಅನ್ನುತ್ತಿದ್ದರು, ಅಂದರೆ ಅವ್ವ. ದನಿ ಎತ್ತಿ ಮಾತಾಡಿದವಳಲ್ಲ.

"ಹೊಗೆ ಇರಲಿ ಭಾಯಿ, ನಾನು ಕಣ್ಣು ಒರೆಸಿಕೊಳ್ತೀನಿ. ಕಟ್ಟಿಗೆಯೊಳಗೆ ಹುಳ ಇರ್ತಾವಲ್ಲ, ಅವು ಎಲ್ಲಿಗೆ ಹೋಗಬೇಕು?"

"ಬಾ, ಚಿಂತೆ ಬಿಡಿ. ಕಟ್ಟಿಗೆ ಬಡಿದು ಸಪ್ಪಳ ಕೇಳಿದರೆ ಸಾಕು, ಒಳಗೆ ಹುಳ ಇದೆಯೋ ಇಲ್ಲವೋ ಹೇಳ್ತೀನಿ. ಗಂಡೋ ಹೆಣ್ಣೋ ಅದನ್ನೂ ಹೇಳ್ತೀನಿ."

ಬಾ ನಂಬಿದಳು. ಮರುದಿನದಿಂದ ಬೆಳಗ್ಗೆ ಮಣೆ ತಂದು ನಮ್ಮ ಹಿತ್ತಲಲ್ಲಿ ಕೂತಳು. ನಾನು ಒಂದೊಂದೇ ಕಟ್ಟಿಗೆ ಬಡಿದು ಕಿವಿಗಿಡುವುದು. "ಇದರಾಗ ಇಲ್ಲ" ಅಂದರೆ, "ಸರಿಯಾಗಿ ಕೇಳು ಭಾಯಿ, ಜೀವದ ಮಾತು" ಅನ್ನುವಳು. ಆ ಕಣ್ಣು ನೋಡಿ ಇಲ್ಲ ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ಒಂದು ಕಟ್ಟಿಗೆ ಬದಿಗಿಟ್ಟೆ. ಇನ್ನೊಂದು ಇಟ್ಟೆ. ಗೋಡೆ ಬದಿಗೆ ಗುಡ್ಡೆ ಬೆಳೆಯಿತು, ಒಲೆಯೊಳಗೆ ಏನೂ ಉಳಿಯಲಿಲ್ಲ. ಹುಳಗಳಿಗೆ ಬಿಸಿಲು ತಾಗಬಾರದು ಅಂತ ಬಾ ತನ್ನ ಕೊಡೆ ತಂದು ಆ ಗುಡ್ಡೆಯ ಮೇಲೆ ಬಿಡಿಸಿಟ್ಟಳು.

ನಮ್ಮಾಕಿ ಹಿಟ್ಟಿನ ಕೈ ಸೊಂಟದ ಮೇಲಿಟ್ಟು ನಿಂತಳು. "ಹಿಟ್ಟು ನಾದಿಟ್ಟೀನಿ. ಈಗ ಒಲಿಗೆ ನಿಮ್ಮ ಕಿವಿ ಹಚ್ಚಲೇನು?"

ಚಾಂದ್‌ಖೇಡಾದ ಹಾರೆ

ರೊಟ್ಟಿ ಇಲ್ಲದೆ ಗಿರಾಕಿಗಳು ಚದುರಿದರು. ಮತ್ತೆ ಒಲೆ ಒಡೆದು ಅಹಮದಾಬಾದಿನ ಚಾಂದ್‌ಖೇಡಾ ಸೇರಿದೆವು. ಸಾಲು ಮನೆಗಳ ಸೊಸೈಟಿ, ಹಿಂದೆ ಚಿಕ್ಕ ಹಿತ್ತಲು. ಹೊಸ ಒಲೆಗೆ ಸಾರಿಸಿ ಎದ್ದ ನಮ್ಮಾಕಿ ಅಂದಳು: "ಇದ ಕಡೀದು. ಇನ್ನೊಮ್ಮೆ ಒಡೀ ಅಂದ್ರ ನನ್ನ ಕೈ ಏಳಂಗಿಲ್ಲ. ಒಲಿ ಹೋದ್ರ ರೊಟ್ಟೀನೂ ಸಾಕು." ಅವಳು ಸುಮ್ಮನೆ ಮಾತಾಡುವವಳಲ್ಲ. ಅವತ್ತು ನಾನೂ ಏನೂ ಕೊಚ್ಚಿಕೊಳ್ಳಲಿಲ್ಲ.

ಚಳಿಗಾಲ ಬಂತು. ಸೊಸೈಟಿಯ ಚೇರ್ಮನ್ ಬಾಗಿಲಿಗೆ ಬಂದ. "ಕಾಕಾ, ನಿಮ್ಮ ಹೊಗೆ ನಮ್ಮ ಮಲಗುವ ಕೋಣೆಗೆ ಬರ್ತದೆ. ಭಾನುವಾರದೊಳಗೆ ಒಲೆ ತೆಗೀರಿ. ಇಲ್ಲಾಂದ್ರೆ ಕಮಿಟಿ ಕರಕೊಂಡು ಬಂದು ನಾನೇ ತೆಗೀತೀನಿ."

"ಉತ್ತರಾಯಣಕ್ಕೆ ಊರೆಲ್ಲ ಪಟ ಹಾರಸ್ತದ, ಆವಾಗ ನಮ್ಮ ಹೊಗೆ ಬೇಕಾಗ್ತದ ಸಾಹೇಬ್ರ. ಅದರ ಮ್ಯಾಲೆ ಗಾಳಿಪಟ ದಾರ ಇಲ್ಲದ ಏರತಾವ" ಅಂದೆ. ಅವನು ನಗಲಿಲ್ಲ.

ಇಲ್ಲಿಯವರಿಗೆ ಚಳಿಗಾಲದಲ್ಲಿ ಓಳೋ ಬೇಕೇ ಬೇಕು. ದಪ್ಪ ಬದನೆಕಾಯಿ ಸುಟ್ಟು, ಸುಲಿದು, ಕಿವುಚಿ ಒಗ್ಗರಣೆ ಹಾಕುವುದು. ಗ್ಯಾಸಿನ ಮೇಲೆ ಸುಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಹೊಗೆಯ ಘಮ ಹತ್ತುವುದಿಲ್ಲ. ಮೊದಲು ಬಾಜೂ ಮನೆಯಾಕೆ ಸೆರಗಿನಲ್ಲಿ ಒಂದು ಬದನೆಕಾಯಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. "ಮಾಸಿ, ಕೆಂಡದಲ್ಲಿ ಇಟ್ಟುಕೊಡ್ತೀರಾ?" ಮಾಸಿ ಅಂದರೆ ಚಿಕ್ಕವ್ವ. ನಮ್ಮಾಕಿ ಇಟ್ಟಳು. ಮಾರನೆಯ ದಿನ ಇನ್ನೊಬ್ಬಳು. ಆಮೇಲೆ ಸಾಲು. ಯಾರ ಕಾಯಿ ಯಾರದೆಂದು ತಿಳಿಯಲು ನಮ್ಮಾಕಿ ಪ್ರತಿಯೊಂದರ ತೊಟ್ಟಿಗೂ ಒಂದೊಂದು ಬಣ್ಣದ ದಾರ ಕಟ್ಟಿ, ತೊಟ್ಟು ಹೊರಗೆ, ಕಾಯಿ ಬಿಸಿ ಬೂದಿಯೊಳಗೆ ಹೂಳುತ್ತಿದ್ದಳು. ಗಂಡಸರಿಗೆ ಗೊತ್ತಿರಲಿಲ್ಲ. ಅವರು ತಾಟು ನೆಕ್ಕುವುದರಲ್ಲಿದ್ದರು.

ಭಾನುವಾರ ಬಂತು. ಚೇರ್ಮನ್ ಹೆಗಲ ಮೇಲೆ ಹಾರೆ ಇಟ್ಟುಕೊಂಡು ಬಂದ, ಹಿಂದೆ ಕಮಿಟಿ. ನಮ್ಮಾಕಿ ಒಲೆಯ ಮುಂದೆ ಕೂತವಳು ಏಳಲಿಲ್ಲ.

"ಸರೀರಿ ಮಾಸಿ" ಅಂತ ಅವನು ಹಾರೆ ಎತ್ತಿದ.

ನಮ್ಮಾಕಿ ಬೂದಿಯತ್ತ ನೋಡಿದಳು, ಅವನತ್ತ ನೋಡಿದಳು. ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದಳು: "ಒಂದೀಟು ತಡೀರಿ ಭಾಯಿ. ಹಸಿರು ದಾರದ್ದು ನಿಮ್ಮನೀ ಬದನಿಕಾಯಿ. ಇನ್ನೂ ಒಂದು ಮಗ್ಗಲು ಹಸೀ ಐತಿ."

ಹಾರೆ ಗಾಳಿಯಲ್ಲೇ ನಿಂತಿತು. ಹಿತ್ತಲ ಬಾಗಿಲಲ್ಲಿ ಅವನ ತಾಯಿ ಖಾಲಿ ತಾಟು ಹಿಡಿದು ನಿಂತಿದ್ದಳು. ಕಮಿಟಿಯವರು ಒಬ್ಬೊಬ್ಬರೇ ಬಗ್ಗಿ ದಾರದ ಬಣ್ಣ ನೋಡತೊಡಗಿದರು. ಒಬ್ಬ ಮೆಲ್ಲಗೆ ಕೇಳಿದ, "ಮಾಸಿ, ಕೆಂಪು ಯಾರದು?"

ಚೇರ್ಮನ್ ತಾಯಿಯ ಮುಖ ನೋಡಿದ. ಕುಕ್ಕರಗಾಲಲ್ಲಿ ಕೂತ. ಹಾರೆಯ ತುದಿ ಬೂದಿಯೊಳಗೆ ತೂರಿಸಿ, ಬಹಳ ಜೋಪಾನವಾಗಿ, ಹಸಿರು ದಾರದ ಬದನೆಕಾಯಿಯ ಮಗ್ಗಲು ತಿರುಗಿಸಿದ.

ಒಲೆ ಅಲ್ಲೇ ಇದೆ. ಹಾರೆಯೂ ಅವತ್ತಿನಿಂದ ನಮ್ಮಲ್ಲೇ ಇದೆ, ಕೆಂಡ ಎಳೆಯಲು ಅದರಂಥದ್ದು ಇನ್ನೊಂದಿಲ್ಲ. ಚೇರ್ಮನ್ ಈಗಲೂ ದೂರು ತರುತ್ತಾನೆ: ತನ್ನ ಮನೆಯ ಬದನೆಕಾಯಿಗೆ ಹೊಗೆ ಸಾಲದು ಅಂತ.