ಬೆರಳು ಕಚ್ಚದ ಕುರ್ಚಿ

ಸಾಹುಕಾರನಿಗೆ ಆ ಫೋನು ಬಂದಾಗ ಅವನ ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದು ನೊರೆಯಲ್ಲಿ ಮುಳುಗಿತ್ತು. ನುಣ್ಣಗಿದ್ದ ಕಡೆಯ ಕಿವಿಗೆ ಫೋನು ಹಿಡಿದುಕೊಂಡ. ಸಲೂನಿನವನು ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ, ಏನೂ ಕೇಳಿಸದವನ ಹಾಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಸಾಹುಕಾರ ಅನ್ನುವುದು ಬೀದಿಯವರು ಇಟ್ಟ ಹೆಸರು. ಅದು ಐಶ್ವರ್ಯಕ್ಕೆ ಬಂದದ್ದಲ್ಲ, ನಾಲ್ಕು ಜನ ಭಾವಮೈದುನರನ್ನು ಸಾಕುತ್ತಿದ್ದ ಧೈರ್ಯಕ್ಕೆ ಬಂದದ್ದು. ಅವನದು ಮಡಚುವ ಕುರ್ಚಿ ಮಾಡುವ ಸಣ್ಣ ಕಾರ್ಖಾನೆ. ಕೆಲಸಗಾರರು ಆ ನಾಲ್ವರೇ. ನಾಲ್ವರಿಗೂ ಒಂದೇ ಮೀಸೆ, ಒಂದೇ ಆಕಳಿಕೆ, ಒಂದೇ ಅಭಿಪ್ರಾಯ. "ಈ ಸಲ ಕಾಲು ಬೇರೆ ಥರ ಇಟ್ಟು ನೋಡೋಣ್ವಾ?" ಅಂತ ಸಾಹುಕಾರ ಕೇಳಿದರೆ ದೊಡ್ಡವನು "ಬೇಡ ಭಾವ" ಅನ್ನುತ್ತಿದ್ದ. ಮಿಕ್ಕ ಮೂವರು ಬಾವಿಯೊಳಗಿನ ಮಾರ್ದನಿಯಂತೆ ಒಬ್ಬರಾದ ಮೇಲೊಬ್ಬರು ಅದನ್ನೇ ಅನ್ನುತ್ತಿದ್ದರು. ಹಾಗಾಗಿ ಕಾರ್ಖಾನೆ ಶುರುವಾದ ದಿನ ಮಾಡಿದ ಕುರ್ಚಿಯೇ ಇವತ್ತಿಗೂ ನಡೆದುಕೊಂಡು ಬಂದಿತ್ತು. ಆ ಕುರ್ಚಿಗೆ ಒಂದೇ ಒಂದು ದುರಭ್ಯಾಸ. ಬೆರಳು ಸಿಕ್ಕಿದರೆ ಬಿಡುತ್ತಿರಲಿಲ್ಲ.

ಪೈಪು ಬಗ್ಗಿಸುವ ಕೆಲಸ ಸೊಂಟಕ್ಕೆ ಆಗುವುದಿಲ್ಲ ಅಂತ ಭಾವಮೈದುನರು ಕೈಬಿಟ್ಟಿದ್ದರಿಂದ ಅದನ್ನು ಸಾಹುಕಾರನೇ ಮಂಡಿಗೆ ಆನಿಸಿ ಬಗ್ಗಿಸಬೇಕಿತ್ತು. ಬಗ್ಗಿಸಿ ಬಗ್ಗಿಸಿ ಅವನ ಬಲಭುಜ ಹಳೇ ಬಾಗಿಲಿನಂತಾಗಿತ್ತು. ತಲೆ ಬಾಚಿಕೊಂಡರೂ ಕಿರ್ ಅನ್ನುತ್ತಿತ್ತು. ಅದಕ್ಕೇ ಫೋನಿನಲ್ಲಿ 'ಪೈಪು ಬಗ್ಗಿಸುವ ಮಷೀನು' ಅನ್ನುವ ಮಾತು ಬಂದ ಕೂಡಲೇ ನೊರೆಯೊಳಗಿನ ಕೆನ್ನೆಯೂ ಅರಳಿತು.

ಫೋನು ಮಾಡಿದವಳು ಯೂನಿವರ್ಸಿಟಿಯ ಸಂಶೋಧಕಿ. ಎಂಥೆಂಥ ಜನ ಒಟ್ಟಿಗೆ ಕೆಲಸ ಮಾಡಿದರೆ ಅಲ್ಲಿ ಹೊಸದು ಹುಟ್ಟುತ್ತದೆ ಅನ್ನುವುದು ಅವರ ಅಧ್ಯಯನವಂತೆ. ಇವತ್ತೇ ಬಂದು ಕಾರ್ಖಾನೆ ನೋಡುತ್ತಾಳಂತೆ. ಅಧ್ಯಯನಕ್ಕೆ ಆರಿಸಿಕೊಂಡವರಲ್ಲಿ ಕೆಲವರಿಗೆ ಮೂರು ವರ್ಷ ಬಳಸಲು ಮಷೀನು ಕೊಡುತ್ತಾರಂತೆ. ಸಾಹುಕಾರನ ತಲೆಯೊಳಗೆ ಮಷೀನು ಎಷ್ಟು ಜಾಗ ಹಿಡಿಯಿತೆಂದರೆ 'ಕೆಲವರಿಗೆ' ಅನ್ನುವ ಮಾತಿಗೆ ಒಳಗೆ ಬರಲು ದಾರಿಯೇ ಉಳಿಯಲಿಲ್ಲ.

"ನಿಮಗೆ ಸಿಗಲ್ಲ ಬಿಡಿ," ಅಂದ ಸಲೂನಿನವನು. ಗಿರಾಕಿಗಿಂತ ಮೊದಲು ಪೇಪರು ಓದಿ ಮುಗಿಸುವವನು ಅವನು.

"ಯಾಕಯ್ಯ ಸಿಗಲ್ಲ?"

"ಹೊಸದು ಹುಟ್ಟಬೇಕಾದ್ರೆ ಥರಾವರಿ ಜನ ಬೇಕಂತೆ, ಪೇಪರಲ್ಲಿ ಬಂದಿತ್ತು. ಹೆಂಗಸರು, ಗಂಡಸರು, ವಯಸ್ಸಾದೋರು, ಬೇರೆ ಬೇರೆ ಕಸುಬಿನೋರು. ನಿಮ್ಮಲ್ಲಿರೋದು ಒಬ್ಬನೇ ಆಸಾಮಿ, ನಾಲ್ಕು ಕಾಪಿ."

ಸಾಹುಕಾರ ನೊರೆ ಒರೆಸಿಕೊಂಡು ಎದ್ದೇಬಿಟ್ಟ. "ಹಾಗಾದ್ರೆ ನೀನೇ ಬಾ. ಇವತ್ತೊಂದು ದಿನ ನೀನು ನನ್ನ ಕಾರ್ಖಾನೆಯವನು."

"ಇನ್ನೊಂದು ಕೆನ್ನೆ?"

"ಅದು ಎಲ್ಲಿಗೂ ಓಡಿಹೋಗಲ್ಲ, ನಡಿ."

ಸಲೂನಿನವನು ಕತ್ತಿ ಮಸೆಯುವ ಚರ್ಮದ ಪಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡಂತೆಯೇ ಹೊರಟ. ಬೀದಿಯಲ್ಲಿ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದಳು. ಅವಳನ್ನೂ ತಡೆದರು.

"ನಿದ್ದೆಗೆಟ್ಟಿದ್ದೀನಿ ಸಾಹುಕಾರ್ರೇ. ಬರೀ ಕೂತಿರೋ ಕೆಲಸ ಆದ್ರೆ ಬರ್ತೀನಿ. ಆದ್ರೆ ನಿಮ್ಮ ಕುರ್ಚಿ ಮೇಲೆ ಮಾತ್ರ ಕೂರಿಸ್ಬೇಡಿ."

ಕಾರ್ಖಾನೆಯ ಪಕ್ಕದ ಅಂಗಡಿಯ ಟೈಲರ್ ಅಜ್ಜನನ್ನು ಕೇಳಬೇಕಾಗಿಯೂ ಬರಲಿಲ್ಲ. ಮೂವರು ಒಟ್ಟಿಗೆ ಹೋಗುತ್ತಿದ್ದಾರೆ ಅಂದರೆ ಏನೋ ತಮಾಷೆ ಇದೆ ಅಂತ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡು ತಾನಾಗಿಯೇ ಹಿಂದೆ ಬಂದ.

ಇನ್ನು ಭಾವಮೈದುನರ ಸರದಿ. ಸಾಹುಕಾರ ನಾಲ್ವರನ್ನೂ ಹಿಂದಿನ ಗೋಡೌನಿಗೆ ತಳ್ಳಿ, "ಕರೆಯೋವರೆಗೂ ಏನೂ ಮಾಡದೆ ಸುಮ್ನೆ ಕೂತಿರಿ," ಅಂದ. ಅವರಿಗೆ ಅಭ್ಯಾಸವಿದ್ದ ಕೆಲಸ. "ಆಗ್ಲಿ ಭಾವ" ಅಂತ ನಾಲ್ಕು ಸಲ ಕೇಳಿಸಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ರೀ, ನನ್ನ ತಮ್ಮಂದಿರನ್ನ ಮುರುಕಲು ಸಾಮಾನಿನ ಹಾಗೆ ಯಾಕೆ ಒಳಗೆ ತುಂಬಿದ್ರಿ?"

"ಮಷೀನು ಬರ್ತಿದೆ ಕಣೆ."

"ಬರ್ಲಿ. ಅದು ನಿಮ್ಮನ್ನ ಬಾಯ್ತುಂಬ ಭಾವ ಅನ್ನುತ್ತಾ?"

ಅಷ್ಟು ಹೊತ್ತಿಗೆ ಸಂಶೋಧಕಿ ಬಂದಳು. ಚಿಕ್ಕ ವಯಸ್ಸು, ದೊಡ್ಡ ಚೀಲ, ಯಾರು ಏನು ಹೇಳಿದರೂ ನಂಬುವಂಥ ಮುಖ. ಅವಳ ಕಣ್ಣು ಮೊದಲು ಬಿದ್ದದ್ದು ಸಾಹುಕಾರನ ಎರಡು ಥರದ ಕೆನ್ನೆಗಳ ಮೇಲೆ.

"ಇದೂ ಒಂದು ಪ್ರಯೋಗ," ಅಂದ ಸಾಹುಕಾರ. ಆಮೇಲೆ ಅವನ ನಾಲಿಗೆಗೆ ಚಕ್ರ ಬಂತು. "ಇವರು ನಮ್ಮ ಸುರಕ್ಷತಾ ವಿಭಾಗ," ಅಂತ ನರ್ಸಮ್ಮನನ್ನು ತೋರಿಸಿದ. "ಅಜ್ಜ ಆಸನ ವಿಭಾಗ. ಇವನು ಬೆನ್ನು, ಕುತ್ತಿಗೆ, ತಲೆ ವಿಭಾಗ."

"ಕುರ್ಚಿಗೆ ತಲೆ ಎಲ್ಲಿದೆ?" ಅಂದಳು ಸಂಶೋಧಕಿ.

"ಅದನ್ನೇ ನಾನೂ ಹುಡುಕ್ತಾ ಇದ್ದೀನಿ ಮೇಡಂ," ಅಂದ ಸಲೂನಿನವನು.

ಅಷ್ಟರಲ್ಲಿ ಗೋಡೌನಿನಿಂದ ಒಂದು ಸೀನು ಕೇಳಿಸಿತು. ಒಬ್ಬ ಸೀನಿದ ಮೇಲೆ ಮಿಕ್ಕವರು ಬಿಡುತ್ತಾರೆಯೇ? ಸಾಲಾಗಿ ಇನ್ನೂ ಮೂರು ಬಂದವು.

"ಏನದು?"

"ಇಲಿ."

"ಇಲಿ ಸೀನುತ್ತಾ?"

"ಬಣ್ಣದ ವಾಸನೆ ಆಗಲ್ಲ ಮೇಡಂ ಅವಕ್ಕೆ. ದೊಡ್ಡ ಸಂಸಾರ."

ಸಂಶೋಧಕಿ ಗೋಡೆಗೆ ಒರಗಿ ನಿಂತಳು. "ಸರಿ, ನೀವು ದಿನಾ ಮಾಡೋ ಹಾಗೆ ಕೆಲಸ ಮಾಡಿ. ನಾನು ಬರೀ ನೋಡ್ತೀನಿ."

ಸಾಹುಕಾರ ಮೂವರ ಮುಖವನ್ನೂ ನೋಡಿದ. ಕೆಲಸ ಮಾಡುವ ವಿಚಾರವನ್ನು ಅವನು ಯಾರಿಗೂ ಹೇಳಿಯೇ ಇರಲಿಲ್ಲ. ಆದರೆ ನರ್ಸಮ್ಮ ಆಗಲೇ ಒಂದು ಕುರ್ಚಿಯನ್ನು ಮಗುಚಿ, ರೋಗಿಯನ್ನು ಪರೀಕ್ಷಿಸುವ ಹಾಗೆ ಕೀಲು ಹುಡುಕುತ್ತಿದ್ದಳು.

"ಇಲ್ಲೇ ಅಲ್ವಾ ಕಚ್ಚೋದು? ಆಸ್ಪತ್ರೆಗೆ ಬರೋ ಬೆರಳು ನೋಡಿದ್ರೆ ಸಾಕು, ಸಾಹುಕಾರ್ರ ಕುರ್ಚೀದು ಅಂತ ನಮಗೆ ಗೊತ್ತಾಗುತ್ತೆ. ಹೆಬ್ಬೆರಳಾದ್ರೆ ಮಡಚುವಾಗ, ನಡುಬೆರಳಾದ್ರೆ ಬಿಚ್ಚುವಾಗ. ಕೈ ಕೀಲಿನ ಹತ್ರ ಹೋಗ್ಬಾರ್ದು, ಅಷ್ಟೇ."

"ಕೈ ಹೋಗದೆ ಮಡಚೋದು ಹೇಗೆ?" ಅಂದ ಸಾಹುಕಾರ.

ಸಲೂನಿನವನು ಹೆಗಲ ಮೇಲಿದ್ದ ಪಟ್ಟಿಯನ್ನು ತೆಗೆದು ಕುರ್ಚಿಯಲ್ಲಿ ಕೂರುವ ಕ್ಯಾನ್ವಾಸ್ ಬಟ್ಟೆಯ ನಡುವೆ ಇಟ್ಟು ನೋಡಿದ. "ಇಲ್ಲಿ ಹಿಡಿದು ಮೇಲಕ್ಕೆ ಎಳೆದ್ರೆ?"

ಟೈಲರ್ ಅಜ್ಜ ಪಟ್ಟಿ ಕಿತ್ತುಕೊಂಡು ಕತ್ತರಿ ತೆಗೆದ.

"ಅಜ್ಜ, ಅದು ನನ್ನ ಪಟ್ಟಿ. ಕೇಳದೆ ಕತ್ತರಿಸ್ತೀರಲ್ಲ."

"ನೀನು ಕೂದಲು ಕತ್ತರಿಸುವಾಗ ಕೂದಲನ್ನ ಕೇಳ್ತೀಯೇನೋ? ಹಿಡ್ಕೋ ಇಲ್ಲಿ."

ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸಲಿಲ್ಲ. ಅಜ್ಜ ಅಡ್ಡಕ್ಕೆ ಹೊಲಿಯಬೇಕು ಅಂದ, ಸಲೂನಿನವನು ಉದ್ದಕ್ಕೆ ಅಂದ. ನರ್ಸಮ್ಮ ಇಬ್ಬರನ್ನೂ ಬೈದು ಎರಡು ಕಡೆಯೂ ಹೊಲಿಸಿದಳು. ಎರಡು ಸಲ ಬಿಚ್ಚಿ, ಮೂರನೆಯ ಸಲ ಹೊಲಿದರು. ಅಷ್ಟು ಹೊತ್ತೂ ಸಾಹುಕಾರ "ಬೇಡ ಭಾವ" ಅನ್ನುವ ಮಾತು ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದ. ಬರಲೇ ಇಲ್ಲ.

ಸಂಜೆ ಬಿಸಿಲು ಬಾಗಿಲಿಗೆ ಬರುವ ಹೊತ್ತಿಗೆ ಕುರ್ಚಿ ಸಿದ್ಧವಾಯಿತು. ಸಾಹುಕಾರ ಪಟ್ಟಿ ಹಿಡಿದು ಎತ್ತಿದ. ಕುರ್ಚಿ ಸಾಕಿದ ಬೆಕ್ಕಿನ ಹಾಗೆ ಸದ್ದಿಲ್ಲದೆ ಮಡಚಿಕೊಂಡಿತು. ನಡುವೆ ಅಂಗೈ ಒತ್ತಿದರೆ ಬಿಚ್ಚಿಕೊಂಡಿತು. ಇನ್ನೊಮ್ಮೆ ಮಾಡಿದ, ಮತ್ತೊಮ್ಮೆ ಮಾಡಿದ. ಆಮೇಲೆ ಹತ್ತು ಬೆರಳನ್ನೂ ಮುಖದ ಮುಂದೆ ಹಿಡಿದು, ಹಡೆದ ತಾಯಿ ಕೂಸನ್ನು ನೋಡುವ ಹಾಗೆ ನೋಡಿಕೊಂಡ. ಸಂಶೋಧಕಿ ಚಪ್ಪಾಳೆ ತಟ್ಟಿದಳು. ಅಜ್ಜ ಮೀಸೆ ತಿರುವಿದ. ನರ್ಸಮ್ಮ ಮೊದಲ ಸಲ ಸಾಹುಕಾರನ ಕುರ್ಚಿಯ ಮೇಲೆ ಧೈರ್ಯವಾಗಿ ಕೂತಳು.

"ತುಂಬಾ ಚೆನ್ನಾಗಿದೆ," ಅಂದಳು ಸಂಶೋಧಕಿ. ಆಮೇಲೆ ಸ್ವಲ್ಪ ಬೇಸರದಿಂದ ಚೀಲ ಎತ್ತಿಕೊಂಡಳು. "ಆದ್ರೆ ಇಂಥ ಬೆರಕೆ ಕಾರ್ಖಾನೆಗಳು ನಮಗೆ ಬೇಕಾದಷ್ಟು ಸಿಕ್ಕಿವೆ. ಎಲ್ಲರೂ ಒಂದೇ ಮನೆಯವರು, ಒಂದೇ ಥರದವರು, ಹೊಸದೇನೂ ಮಾಡದೋರು ಅಂದ್ರೆ ಇಡೀ ಊರಲ್ಲಿ ನೀವೊಬ್ಬರೇ ಅಂತ ಯಾರೋ ಹೇಳಿದ್ರು. ಅದಕ್ಕೇ ಬಂದೆ. ನಿಮ್ಮನ್ನ ಸೇರಿಸ್ಕೊಳ್ಳೋಕೆ ಆಗಲ್ವೇನೋ."

ಸಾಹುಕಾರ ಓಡಿಹೋಗಿ ಗೋಡೌನಿನ ಬಾಗಿಲು ತೆಗೆದ. ಭಾವಮೈದುನರು ಬೇಸರ ಕಳೆಯಲು ಹಳೇ ಕುರ್ಚಿ ಬಿಚ್ಚಿ ಕೂರಲು ಹೋಗಿದ್ದರು. ನಾಲ್ವರೂ ಒಂದೊಂದು ಬೆರಳು ಬಾಯಲ್ಲಿಟ್ಟುಕೊಂಡು ಸಾಲಾಗಿ ಹೊರಗೆ ಬಂದರು.

"ಇವರೇ ಮೇಡಂ ನಮ್ಮ ಕಾರ್ಖಾನೆ," ಅಂತ ಸಾಹುಕಾರ ಎದೆಯುಬ್ಬಿಸಿದ. "ಒಬ್ಬಳೇ ತಾಯಿ ಮಕ್ಕಳು. ಮೀಸೆ ನೋಡ್ಕೊಳ್ಳಿ."

"ಹಾಗಾದ್ರೆ ಈ ಮೂವರು?"

"ನಮ್ಮವರಲ್ಲ."

"ಈ ಹೊಸ ಕುರ್ಚಿ?"

"ನಮ್ಮದಲ್ಲ. ಅವರು ಮಾಡಿದ್ದು, ಅವರದ್ದೇ. ಪೈಪು, ಬಟ್ಟೆ ನಾನು ದಾನ ಕೊಟ್ಟೆ. ನಾವು ಇಂಥದ್ದನ್ನ ಕನಸಲ್ಲೂ ಮಾಡಿದೋರಲ್ಲ."

ಸಂಶೋಧಕಿ ಭಾವಮೈದುನರ ಕಡೆ ತಿರುಗಿದಳು. "ಕುರ್ಚಿಗೆ ಹೀಗೊಂದು ಪಟ್ಟಿ ಹಾಕಿದ್ರೆ ಹೇಗೆ?"

ನಾಲ್ಕು ಬೆರಳು ಬಾಯಿಂದ ಹೊರಬಂದವು. "ಬೇಡ," "ಬೇಡ," "ಬೇಡ," "ಬೇಡ."

ಅವಳ ಮುಖದಲ್ಲಿ ದೀಪ ಹತ್ತಿತು. "ಇಷ್ಟು ಶುದ್ಧವಾದ್ದು ನನಗೆ ಎಲ್ಲೂ ಸಿಕ್ಕಿರಲಿಲ್ಲ. ನಿಮ್ಮನ್ನ ಆರಿಸಿದ್ದೀನಿ. ಮೂರು ವರ್ಷ ನಮ್ಮ ಜೊತೆ ಇರೋಕೆ ಒಪ್ಪಿಗೆ ತಾನೆ?"

"ಎಲ್ಲರ ಮುಂದೆ ಮಾತು ಕೊಟ್ಟೆ," ಅಂದ ಸಾಹುಕಾರ. ಗೆದ್ದವನ ದನಿ ಅದು. "ಮಷೀನಿಗೆ ಈ ಬಾಗಿಲು ಸಾಕಾಗುತ್ತಾ, ಗೋಡೆ ಒಡೆಸ್ಬೇಕಾ?"

"ಮಷೀನು ಹೊಸದು ಮಾಡೋರಿಗೆ ಕೊಡೋದು. ಅವರ ಪಕ್ಕದಲ್ಲಿಟ್ಟು ಹೋಲಿಸಿ ನೋಡೋಕೆ ಏನೂ ಮಾಡದೋರು ಬೇಕಿತ್ತು. ಅದು ನೀವು. ಮೂರು ವರ್ಷ ನಿಮ್ಮಲ್ಲಿ ಜನ ಬದಲಾಗಬಾರದು, ಕುರ್ಚಿ ಬದಲಾಗಬಾರದು." ಅವಳು ಮೂವರ ಕಡೆ ತಿರುಗಿದಳು. "ಈ ಕುರ್ಚಿ ನಿಮ್ಮದು ಅಂತ ಇವರೇ ಹೇಳಿದ್ದಾರೆ. ನೀವು ಮೂವರು ಸೇರಿ ಶುರು ಮಾಡೋದಾದ್ರೆ ಮಷೀನು ನಿಮಗೇ."

"ನನ್ನ ಅಂಗಡಿ ಹಿಂದೆ ಜಾಗ ಇದೆ," ಅಂದ ಅಜ್ಜ, ಆಗಲೇ ಟೇಪು ಬಿಚ್ಚುತ್ತಾ.

ಸಾಹುಕಾರ ಬಾಯಿ ತೆರೆದ. ಹೆಂಡತಿ ಬಿಡಲಿಲ್ಲ. "ಮಾತು ಕೊಟ್ಟಾಯ್ತು ರೀ. ಇನ್ನು ಮೂರು ವರ್ಷ ನನ್ನ ತಮ್ಮಂದಿರನ್ನ ಗೋಡೌನಿಗೆ ತಳ್ಳೋಕೆ ನಿಮ್ಮಿಂದ ಆಗಲ್ಲ."

ವಿಷಯ ಅರ್ಥವಾಗಲು ಭಾವಮೈದುನರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ, ಹುಟ್ಟಿದ ಮೇಲೆ ಮೊದಲ ಸಲ ಭಾರ ಎತ್ತಿದರು. ಸಾಹುಕಾರನನ್ನು ಹೆಗಲ ಮೇಲೆ ಕೂರಿಸಿಕೊಂಡು "ಭಾವ ಗೆದ್ದ, ಭಾವ ಗೆದ್ದ" ಅಂತ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಮೆರೆಸಿದರು. ಜನ ಬಾಗಿಲಿಗೆ ಬಂದು ಕೈಬೀಸಿದರು. ಸಾಹುಕಾರನೂ ಬೀಸಿದ. ಒಂದೊಂದು ಸಲ ಬೀಸಿದಾಗಲೂ ಭುಜ ಕಿರ್ ಅಂದಿತು.

ಮೆರವಣಿಗೆ ಅವನನ್ನು ಸಲೂನಿನ ಮುಂದೆ ಇಳಿಸಿತು. ಸಲೂನಿನವನು ಆಗಲೇ ಅಂಗಡಿಗೆ ಬೀಗ ಹಾಕುತ್ತಿದ್ದ. ಹೊಸ ಕಾರ್ಖಾನೆಗೆ ಜಾಗ ಅಳೆಯಲು ಅಜ್ಜ ಕಾಯುತ್ತಿದ್ದನಂತೆ.

"ಲೋ, ಈ ಕೆನ್ನೆ ಒಂದು ಮುಗಿಸಿ ಹೋಗೋ," ಅಂದ ಸಾಹುಕಾರ.

ಸಲೂನಿನವನು ಅವನ ಎರಡು ಕೆನ್ನೆಗಳನ್ನೂ ಒಂದೊಂದಾಗಿ ನೋಡಿದ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

"ನಂಗೇನೋ ಮನಸ್ಸಿದೆ ಸಾಹುಕಾರ್ರೇ. ಆದ್ರೆ ನಿಮ್ಮಲ್ಲಿ ಏನೂ ಬದಲಾಗಬಾರದು ಅಂತ ಮೇಡಂ ಹೇಳಿ ಹೋಗಿದ್ದಾರಲ್ಲ. ಮೂರು ವರ್ಷ ಕಳೀಲಿ, ಬನ್ನಿ."