ಸೀಮಂತದ ನೀಲಿ ಜಡೆ

ಬಣ್ಣದ ವಿಷಯದಲ್ಲಿ ನನಗೆ ಮೋಸ ಮಾಡುವವನು ಹುಣಸೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಈಗಲೂ ಸುಳ್ಳಾಗಿಲ್ಲ. ನನಗೆ ಮೋಸ ಮಾಡಿದವನು ಮೈಸೂರಿನವನು!

ಹುಣಸೂರು ಪೇಟೆಯಲ್ಲಿ ನನ್ನದು ಸೀರೆ, ರವಿಕೆ ಬಟ್ಟೆಯ ಅಂಗಡಿ. ಗಿರಾಕಿ ‘ಬಣ್ಣ ಹೋಗಲ್ವಾ?’ ಎಂದು ಕೇಳಿದರೆ ಸಾಕು, ಬಿಳಿ ಕರ್ಚೀಫನ್ನು ನೀರಿನಲ್ಲಿ ಅದ್ದಿ ಬಟ್ಟೆಯ ಮೇಲೆ ಗಸಗಸ ತಿಕ್ಕುತ್ತೇನೆ. ಬೆಳ್ಳಗೇ ಉಳಿದ ಕರ್ಚೀಫನ್ನು ಅವರ ಮುಖದ ಮುಂದೆ ಹಿಡಿದು, “ಗ್ಯಾರಂಟಿ ನಂದು ಕಣಮ್ಮ” ಎನ್ನುತ್ತೇನೆ. ಕಟ್ಟೆಮಳಲವಾಡಿಯಿಂದ ಹಂಪಾಪುರದವರೆಗಿನ ಹೆಂಗಸರು ಮದುವೆ ಸೀರೆಗೆ ನನ್ನಲ್ಲಿಗೇ ಬರುವುದು ಆ ಕರ್ಚೀಫನ್ನು ನಂಬಿ.

ಹೋದ ವಾರ ಮಗಳು ಸಿಂಧುವಿನ ಸೀಮಂತ. ಪಿರಿಯಾಪಟ್ಟಣದ ಅವಳ ಗಂಡನ ಮನೆಯಲ್ಲಿ. ಹಸಿರು ಸೀರೆ, ಹಸಿರು ಬಳೆ, ಮೊಗ್ಗಿನ ಜಡೆ ಎಲ್ಲವನ್ನೂ ತವರಿನಿಂದ ನಾವು ಒಯ್ಯಬೇಕು. ಒಬ್ಬಳೇ ಮಗಳು. ಬೀಗರ ಕಡೆಯವರ ಮುಂದೆ ಅವಳು ತಲೆಯೆತ್ತಿ ಕೂರಬೇಕು, ಆ ಸಡಗರದಲ್ಲಿ ನಮ್ಮ ಅಂಗಡಿಯ ಹೆಸರೂ ಒಂಚೂರು ಮೇಲೇಳಬೇಕು. ಇದು ನನ್ನ ಆಸೆ. ಗಿಣಿಹಸಿರು ಸೀರೆಗೆ ಕಡುನೀಲಿ ರವಿಕೆ ಬಟ್ಟೆ ಆರಿಸಿದೆ. ಪಕ್ಕದ ಅಂಗಡಿಯ ಟೈಲರ್ ಮುನೀರ್ ಭಾಯ್ ಅಚ್ಚುಕಟ್ಟಾಗಿ ಹೊಲಿದುಕೊಟ್ಟ. ಆಮೇಲೆ ನನ್ನ ತಲೆಗೊಂದು ಮಹತ್ತರವಾದ ಯೋಚನೆ ಬಂತು. ನೀಲಿ ರವಿಕೆಗೆ ನೀಲಿ ಜಡೆ!

“ನೀಲಿ ಹೂವಾ?” ಎಂದಳು ಹೆಂಡತಿ ನಾಗರತ್ನ. “ಸುಮ್ನೆ ಮಲ್ಲಿಗೆ ಮೊಗ್ಗು ತತ್ತೀರಾ ಇಲ್ವಾ?”

“ಮಲ್ಲಿಗೆ ಎಲ್ರೂ ಮುಡೀತಾರೆ ಕಣೆ. ನಂದು ಆರ್ಕಿಡ್!”

ಮೈಸೂರಿನ ಹೂವಿನಂಗಡಿಯಲ್ಲಿ ಆರ್ಕಿಡ್‌ಗಳು ನವಿಲಿನ ಕತ್ತಿನಷ್ಟು ನೀಲಿಯಾಗಿ ನಿಂತಿದ್ದವು. “ಇದು ಹುಟ್ಟುಬಣ್ಣಾನೇನಪ್ಪಾ?” ಎಂದು ಕೇಳಿದೆ. ಅಂಗಡಿಯವನು ನನ್ನ ಕಣ್ಣಲ್ಲಿ ಕಣ್ಣಿಟ್ಟು, “ಗ್ಯಾರಂಟಿ ನಂದು ಸಾರ್” ಎಂದ. ಅಯ್ಯೋ, ಎಷ್ಟು ಚೆನ್ನಾಗಿ ಹೇಳಿದ! ನಾನು ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು. ನನ್ನದೇ ಮಾತನ್ನು ನಾನೇ ನಂಬದಿದ್ದರೆ ಹೇಗೆ? ಕರ್ಚೀಫು ಜೇಬಿನಲ್ಲೇ ಇತ್ತು. ಆದರೆ ಹೂವನ್ನು ಯಾರಾದರೂ ತಿಕ್ಕಿ ನೋಡುತ್ತಾರೆಯೇ?

ಸೀಮಂತದ ದಿನ ಬೆಳಿಗ್ಗೆ ನಾಗರತ್ನ ಒಂದೊಂದೇ ಹೂವು ಕತ್ತರಿಸಿ ಬಾಳೆಪಟ್ಟೆಗೆ ಹೊಲಿಯುತ್ತಾ ಕೂತಳು. ಅರ್ಧ ಜಡೆ ಆಗುವಷ್ಟರಲ್ಲಿ ಎರಡೂ ಕೈ ನನ್ನೆದುರು ಚಾಚಿದಳು. “ರೀ, ನನ್ ಬೆರಳೆಲ್ಲ ನೀಲಿ ಆಗದೆ ನೋಡ್ರಿ!”

“ಅದು ಹೂವಿನ ರಸ” ಎಂದು ನಾನು ಗಂಭೀರವಾಗಿ ವಿವರಿಸಿದೆ. “ದುಬಾರಿ ಹೂವಲ್ಲಿ ರಸ ಜಾಸ್ತಿ.”

ಅವಳು ನನ್ನನ್ನೊಮ್ಮೆ ನೋಡಿ ಮತ್ತೆ ಸೂಜಿ ಹಿಡಿದಳು. ಹೂವು ಬಾಡಬಾರದೆಂದು ಪಿರಿಯಾಪಟ್ಟಣ ತಲುಪುವವರೆಗೂ ನಾನು ಕಾರಿನಲ್ಲಿ ಜಡೆಗೆ ನೀರು ಚಿಮುಕಿಸುತ್ತಲೇ ಇದ್ದೆ. ಹಿಂದಿನ ಸೀಟಿನಲ್ಲಿ ಮುನೀರ್ ಭಾಯ್ ಸೂಜಿ ದಾರ ಹಿಡಿದು ಕೂತಿದ್ದ. ತುಂಬು ಬಸುರಿ, ರವಿಕೆ ಬಿಗಿಯಾದರೆ ನಿಂತಲ್ಲೇ ಹೊಲಿಗೆ ಬಿಚ್ಚಿ ಕೊಡಬೇಕಲ್ಲ ಎಂದು ಅವನನ್ನೂ ಕರೆದಿದ್ದೆ.

ಸಿಂಧು ಹಸೆಗೆ ಬಂದು ಕೂತಳು. ಬೆನ್ನ ಮೇಲೆ ನೀಲಿ ಜಡೆ. ಹೆಂಗಸರೆಲ್ಲ ಬಾಯಿಬಿಟ್ಟು ನೋಡಿದರು. ಬೀಗಿತ್ತಿ ಪಾರ್ವತಮ್ಮನವರು, “ಇಂಥಾ ಹೂವ ಎಲ್ಲಿ ಬೆಳೀತದೆ ಬೀಗರೇ?” ಎಂದು ಕೇಳಿದರು.

“ದೇವರು ಕೊಟ್ಟ ಬಣ್ಣ ಬೀಗಿತ್ತಿ. ದಟ್ಟ ಕಾಡಲ್ಲಿ, ಮರದ ಮೇಲೆ!” ನಾನು ಕಂಡಿದ್ದೇನೋ ಎಂಬಂತೆ ಹೇಳಿಬಿಟ್ಟೆ.

ಸೆಕೆ ವಿಪರೀತವಿತ್ತು. ಪಾರ್ವತಮ್ಮನವರು ಬಳೆ ತೊಡಿಸಿ, ಸೊಸೆಯನ್ನು ಪ್ರೀತಿಯಿಂದ ಹಿಂದಿನಿಂದ ತಬ್ಬಿಕೊಂಡರು. ಅಷ್ಟರಲ್ಲಿ ಒಬ್ಬ ಅಜ್ಜಿ ಕಿಟಾರನೆ ಕಿರುಚಿದರು.

“ಅಯ್ಯಯ್ಯೋ! ಉಡುಗಿ ಕತ್ತೆಲ್ಲ ನೀಲಿ ಆಗದೆ! ಏನೋ ಕಚ್ಚದೆ ಕಣ್ರಪ್ಪೋ!”

ನಿಜಕ್ಕೂ ಸಿಂಧುವಿನ ಕತ್ತಿನಿಂದ ಬೆನ್ನಿಗೆ ನೀಲಿ ಹರಿಯುತ್ತಿತ್ತು. “ಕಾರ್ ತೆಗೀರಿ, ಆಸ್ಪತ್ರೆಗೆ!” ಎಂದು ಅರಚುತ್ತಾ ಓಡಿ, ಹಾವೋ ಚೇಳೋ ಜಡೆಯೊಳಗೇ ಇರಬೇಕೆಂದು ಎರಡೂ ಕೈಯಲ್ಲಿ ಜಡೆಯನ್ನು ಹಿಡಿದು ಹಿಂಡಿಬಿಟ್ಟೆ. ಆಮೇಲೆ ಬೆವರಿದ್ದ ನನ್ನ ಮುಖವನ್ನೂ ಅದೇ ಕೈಯಲ್ಲಿ ಒರೆಸಿಕೊಂಡೆ.

“ಅಪ್ಪಾ, ನಂಗೇನೂ ಆಗಿಲ್ಲ” ಎಂದಳು ಸಿಂಧು, ತಿರುಗಿ ನೋಡಿ. ಆಮೇಲೆ ಅವಳೇ ಕಿರುಚಿದಳು. “ನಿಮ್ಗೇನಾಯ್ತು!”

ನಾಗರತ್ನ ಸೆರಗಿನಿಂದ ಅವಳ ಕತ್ತು ಒರೆಸಿದಳು. ನೀಲಿ ಸೆರಗಿಗೆ ಬಂತು. ಮಗಳು ಕ್ಷೇಮ! ನಾನು ಉಸಿರು ಬಿಡುವುದರೊಳಗೆ ಪಾರ್ವತಮ್ಮನವರು ತಮ್ಮ ಕೆನೆಬಣ್ಣದ ರೇಷ್ಮೆ ಸೀರೆಯನ್ನು ನೋಡಿಕೊಂಡರು. ಎದೆಯ ತುಂಬ ನೀಲಿ!

“ರವಿಕೆ ಬಣ್ಣ ಬುಟ್ಟದೆ ಕಣ್ರೀ” ಎಂದರು ಯಾರೋ. “ಬೀಗರ ಅಂಗಡೀದೇ ಅಂತೆ” ಎಂದರು ಇನ್ಯಾರೋ. ನನ್ನ ಇಷ್ಟು ವರ್ಷದ ಹೆಸರು ಕಣ್ಣೆದುರಿಗೇ ಮುಳುಗುತ್ತಿತ್ತು. “ನಮ್ಮ ಬಟ್ಟೆ ಬಣ್ಣ ಬಿಡಲ್ಲ!” ಎಂದು ಕೂಗಿದೆ. “ದಾರ ಇರ್ಬೇಕು. ದಾರ!” ಎನ್ನುತ್ತಾ, ನಾಚಿಕೆಗೆಟ್ಟವನು, ಮುನೀರ್ ಭಾಯ್ ಕಡೆ ನೋಡಿಬಿಟ್ಟೆ.

ಮುನೀರ್ ಭಾಯ್ ಎದ್ದು ಬಂದು ನನ್ನ ಜೇಬಿನಿಂದ ಕರ್ಚೀಫನ್ನು ಎಳೆದ. ನೀರಿನಲ್ಲಿ ಅದ್ದಿದ. ಬೇಕಾದೀತೆಂದು ಅವನು ಜೊತೆಗೆ ತಂದಿದ್ದ, ರವಿಕೆ ಹೊಲಿದು ಉಳಿದ ತುಂಡನ್ನೂ ಅದೇ ದಾರವನ್ನೂ ತಿಕ್ಕಿದ. ಬಿಳಿ! ಆಮೇಲೆ ನೆಲದಲ್ಲಿ ಬಿದ್ದಿದ್ದ ಒಂದು ಆರ್ಕಿಡನ್ನು ತಿಕ್ಕಿದ. ಕರ್ಚೀಫು ಮಸಿ ಚೆಲ್ಲಿದಂತಾಯಿತು.

“ಬಿಳಿ ಹೂವಿಗೆ ಬಣ್ಣದ ನೀರು ಕುಡಿಸವ್ರೆ ಅಣ್ಣ” ಎಂದ ಮೆಲ್ಲಗೆ. “ಕಡ್ಡಿ ಕತ್ರಿಸಿದ್ ಕಡೆಯಿಂದ ಸೋರ್ತಾ ಅದೆ. ನನ್ ದಾರ ಅಸಲಿ.”

ಅಂಗಡಿ ಉಳಿಯಿತು, ನಾನು ಮುಳುಗಿದೆ. ಕಾಡು, ಮರ, ದೇವರು ಕೊಟ್ಟ ಬಣ್ಣ ಎಲ್ಲವೂ ಜನರ ಕಿವಿಯಲ್ಲಿ ಇನ್ನೂ ಬಿಸಿಯಾಗಿಯೇ ಇದ್ದವು. “ತಪ್ಪಾಯ್ತು ಮುನೀರ್ ಭಾಯ್” ಎಂದೆ. ನನಗೆ ಅಳುವೇ ಬಂದಿತ್ತು. ಮಗಳ ಸೀಮಂತವನ್ನು ಹಾಳುಮಾಡಿದ ಅಪ್ಪ ನಾನು!

ಆಗ ಸಿಂಧು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಪಾರ್ವತಮ್ಮನವರು ತಮ್ಮ ತುರುಬಿನಲ್ಲಿದ್ದ ಮಲ್ಲಿಗೆ ದಂಡೆಯನ್ನು ತೆಗೆದು ಸೊಸೆಗೆ ಮುಡಿಸಿದರು. ಅದೊಂದು ದಂಡೆಯಲ್ಲೇ ಅವಳು ಎಷ್ಟು ಚೆನ್ನಾಗಿ ಕಂಡಳೆಂದರೆ ನಾಗರತ್ನ ನನ್ನ ಕಡೆ ನೋಡಲೂ ಇಲ್ಲ.

ಹೊರಡುವಾಗ ನಾನು ಬೀಗಿತ್ತಿಗೆ ಕೈಮುಗಿದೆ. “ಸೀರೆ ಹಾಳಾಯ್ತು, ಕ್ಷಮಿಸ್ಬೇಕು. ನಾಮಕರಣಕ್ಕೆ ಏನೇನು ತರ್ಬೇಕು ಹೇಳ್ಬುಡಿ. ಯಾವ್ದಕ್ಕೂ ಕಮ್ಮಿ ಮಾಡಲ್ಲ.”

ಅವರು ಮುಗಿದ ನನ್ನ ಕೈಗಳನ್ನೇ ಒಂದು ಗಳಿಗೆ ನೋಡಿದರು. “ಏನೂ ತರ್ಬೇಡಿ ಬೀಗರೇ. ಬರಿಗೈಲಿ ಬನ್ನಿ, ಸಾಕು” ಎಂದರು. “ಕೂಸ್ನ ಎತ್ಕೋಬೇಕಲ್ಲ, ಆ ಕೈ ಮಾತ್ರ ತೊಳ್ಕಂಡ್ ಬನ್ನಿ.”

ಇವತ್ತೂ ಬೆಳಿಗ್ಗೆ ನಾಗರತ್ನ ಸೀಗೆಪುಡಿ ಕೊಟ್ಟಿದ್ದಾಳೆ. ಉಗುರಿನ ಸಂದಿಯ ನೀಲಿ ಇನ್ನೂ ಹೋಗಿಲ್ಲ.