ಕುಬಸಕ್ಕೆ ಹಾಕಿದ ಮಗ್ಗದ ಗಂಜಿ

ಪಫ್ ತೋಳಿನ ವಿಷಯದಲ್ಲಿ ಬೀಳಗಿಯಿಂದ ಬನಹಟ್ಟಿಯವರೆಗೆ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂದು ನಾನು ಕಳೆದ ಬೇಸಿಗೆಯವರೆಗೂ ನಂಬಿದ್ದೆ. ನಂಬಲು ಗಟ್ಟಿ ಕಾರಣವೂ ಇತ್ತು. ಪಫ್ ತೋಳು ಹೊಲಿಯುವವರು ಈ ಸೀಮೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಓದಿದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಬೆನೆಡಿಕ್ಟಾ, "ಗರ್ಲ್ಸ್, ಎ ಲೇಡಿ ಈಸ್ ನೋನ್ ಬೈ ಹರ್ ಸ್ಲೀವ್ಸ್" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹೆಣ್ಣಿನ ಘನತೆ ಅವಳ ತೋಳಿನಲ್ಲಿ ಕಾಣುತ್ತದೆ ಎಂದು ಅರ್ಥ. ಅಲ್ಜೀಬ್ರಾ ಮರೆತೆ, ಹಿಸ್ಟರಿ ಮರೆತೆ, ಈ ಮಾತು ಮಾತ್ರ ಮರೆಯಲಿಲ್ಲ. ಮದುವೆಯಾಗಿ ಬನಹಟ್ಟಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಲೇಸ್ ಹಚ್ಚಿದ ಪೆಟಿಕೋಟುಗಳು, ಮುತ್ತಿನ ಗುಂಡಿಯ ಬ್ಲೌಸುಗಳು, ಮೂಲೆಯಲ್ಲಿ ನೀಲಿ ಹೂ ತೆಗೆದ ಕರವಸ್ತ್ರಗಳು ಇದ್ದವು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ನೇಕಾರರ ಊರು. ಇಲ್ಲಿ ಬಟ್ಟೆಯನ್ನು, ಇವರ ಮಾತಿನಲ್ಲಿ ಅರಬಿಯನ್ನು, ಕಣ್ಣಿನಿಂದ ನೋಡುವುದಿಲ್ಲ, ಎರಡು ಬೆರಳಿನ ನಡುವೆ ಉಜ್ಜಿ ನೋಡುತ್ತಾರೆ. ಉಜ್ಜಿದ ಮೇಲೆ, "ಅರಬಿ ಛಲೋ ಐತ್ರಿ. ಆದರ ತೋಳಿನಾಗ ಇಷ್ಟ್ಯಾಕ ಹಾಳ ಮಾಡೀರಿ?" ಎಂದು ಕೇಳಿದರು. ಆ ಪ್ರಶ್ನೆಗೆ ಐವತ್ತು ವರ್ಷಗಳಿಂದ ಉತ್ತರ ಕೊಡುತ್ತಲೇ ಇದ್ದೇನೆ.

ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರಾದವರು. ನನ್ನ ಇಪ್ಪತ್ತನೆಯ ವಯಸ್ಸಿನ ಕಪ್ಪುಬಿಳುಪು ಫೋಟೋ ಒಂದು ನಡುಮನೆಯ ಗೋಡೆಯ ಮೇಲಿದೆ. ಪಫ್ ತೋಳು, ಎರಡು ಜಡೆ, ಸ್ಯಾಟಿನ್ ರಿಬ್ಬನ್, ಹಿಡಿಯಷ್ಟು ನಡ. ಅದನ್ನು ಅವರು ಜೀವಮಾನದಲ್ಲಿ ಒಂದೇ ಸಲ ಹೊಗಳಿದ್ದಾರೆ. "ನಡ ಮುಧೋಳದ ನಾಯಿ ಹಂಗ ಐತಿ" ಎಂದರು. ಅದು ಹೊಗಳಿಕೆಯೆಂದು ನನಗೆ ತಿಳಿಯಲು ಎರಡು ದಿನ ಹಿಡಿಯಿತು.

ಇಂಥ ಮನೆಗೆ ಕಳೆದ ಬೇಸಿಗೆಯಲ್ಲಿ ಒಂದು ಫೋನು ಬಂತು. ಮಗನ ಮಗಳು ಪಲ್ಲವಿಯದು. ಜಮಖಂಡಿಗೆ ಕೊಟ್ಟಿದ್ದೇವೆ, ಆಗ ಏಳು ತಿಂಗಳ ಬಸುರಿ.

"ಆಯಿ, ನನ್ನ ಕುಬಸಕ್ಕ ನಿನ್ನ ಫೋಟೋದಾಗ ಐತಲ್ಲ, ಅಂಥಾ ಬ್ಲೌಸ್ ಬೇಕು. ಈಗ ವಿಂಟೇಜ್ ಭಾಳ ನಡದೈತಿ."

"ವಿಂಟೇಜ್ ಅಂದ್ರ ನಾನ ಏನು?"

"ನೀ ಒರಿಜಿನಲ್, ಆಯಿ."

ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ, ಅಂದರೆ ಕುಪ್ಪಸ, ಒಯ್ದು ತೊಡಿಸಿ, ಮಡಿಲಿಗೆ ಕಾಯಿ ಹಾಕಿ ಉಡಿ ತುಂಬಿ, ಆರತಿ ಮಾಡುವ ಕಾರ್ಯಕ್ಕೆ ನಮ್ಮ ಕಡೆ ಕುಬಸ ಎಂದೇ ಹೆಸರು. ಸೀರೆ, ಬಳೆ, ಸಿಹಿಯನ್ನೆಲ್ಲ ಸೊಸೆ ನೋಡಿಕೊಂಡಿದ್ದಳು. ಕುಬಸ ಮಾತ್ರ ನನ್ನ ಪಾಲಿಗೆ ಬಂತು. ಪಲ್ಲವಿ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ಅತ್ತಿಯವರು ಒಂದು ರೆಡಿಮೇಡ್ ತಂದಿಟ್ಟಾರ. ತುಂಬ ಹರಳು. ಮಿಣಿಮಿಣಿ ಮಿಂಚತೈತಿ. ನಿಂದು ಬರಲಿಲ್ಲ ಅಂದ್ರ ನಾ ಅದನ್ನ ಹಾಕ್ಕೋಬೇಕಾಗತೈತಿ."

ಐವತ್ತು ವರ್ಷದಲ್ಲಿ ಮೊದಲ ಸಲ ಯಾರೋ ಒಬ್ಬರು ನನ್ನ ತೋಳನ್ನು ಬಾಯಿಬಿಟ್ಟು ಕೇಳಿದ್ದರು. ನನ್ನ ನಂತರ ಆ ಟ್ರಂಕು ಯಾರಿಗೆ ಎಂದು ಎಷ್ಟೋ ಸಲ ಯೋಚಿಸಿದ್ದೆ. ಈಗ ಉತ್ತರ ಸಿಕ್ಕಂತಾಗಿ ಕಣ್ಣು ತುಂಬಿ ಬಂತು. ಎದುರಿಗೆ ನಿಂತಿದ್ದು ಬರೀ ಹರಳಿನ ರೆಡಿಮೇಡು. ಎಲಿಗೆನ್ಸಿನ ಮುಂದೆ ಅದರ ಆಟ ಎಷ್ಟು ಹೊತ್ತು ನಡೆದೀತು?

ಟ್ರಂಕಿನ ತಳದಲ್ಲಿ ನನ್ನ ತಾಯಿಯ ಕಾಲದ ಹಸಿರು ವಾಯಿಲ್, ತೆಳ್ಳನೆಯ ಹತ್ತಿ ಬಟ್ಟೆ, ಒಂದಿತ್ತು. ಒಂದು ಬ್ಲೌಸಿಗೆ ಸಾಲುವಷ್ಟೇ ಉಳಿದಿತ್ತು. ಎಂಟು ದಿನ ಕೂತು ಹೊಲಿದೆ. ತೋಳೊಂದಕ್ಕೆ ನಲವತ್ತು ನಿರಿಗೆ. ಮುಗಿಸಿ ಹ್ಯಾಂಗರಿಗೆ ಹಾಕಿದರೆ, ಎರಡೂ ತೋಳು ಸಂತೆ ಮುಗಿದ ಮೇಲಿನ ಮೆಂತ್ಯ ಪಲ್ಲೆಯಂತೆ ಜೋತುಬಿದ್ದವು. ಬಟ್ಟೆಗೂ ನನ್ನಷ್ಟೇ ವಯಸ್ಸಾಗಿತ್ತು. ನಿಲ್ಲುವ ಶಕ್ತಿ ಇರಲಿಲ್ಲ.

ಇದಕ್ಕೆ ಮದ್ದು ಸ್ಟಾರ್ಚು. ಆದರೆ ನಮ್ಮದು ರೊಟ್ಟಿಯ ಮನೆ. ಗಂಜಿ ಬಸಿಯುವಷ್ಟು ಅನ್ನವನ್ನು ನಾವು ಮಾಡುವುದೇ ಇಲ್ಲ. ಕಾರ್ಯಕ್ಕೆ ಉಳಿದಿದ್ದು ಒಂದೇ ದಿನ. ಆಗ ಪಕ್ಕದ ಮನೆಯಿಂದ ಮಗ್ಗದ ಸದ್ದು ಕೇಳಿಸಿತು. ಆ ಸದ್ದು ಐವತ್ತು ವರ್ಷದಿಂದ ಕೇಳಿಸುತ್ತಲೇ ಇದೆ, ಆದರೆ ಅಂದು ಅದು ದೇವರ ದನಿಯಂತೆ ಕೇಳಿಸಿತು. ಪಕ್ಕದ ಗೌರಕ್ಕನ ಮನೆಯಲ್ಲಿ ನಾಲ್ಕು ಪವರ್‌ಲೂಮುಗಳಿವೆ. ಮಗ್ಗದ ಪೆಟ್ಟು ಬಿದ್ದು ಎಳೆ ಹರಿಯಬಾರದೆಂದು ನೂಲಿಗೆ ಹಚ್ಚುವ ಗಂಜಿ ಅಲ್ಲಿ ಡ್ರಮ್ಮುಗಟ್ಟಲೆ ಇರುತ್ತದೆ.

"ಗೌರಕ್ಕ, ಒಂದು ಡಬ್ಬಿ ಗಂಜಿ ಕೊಡು."

"ನೀವ್ಯಾವಾಗ ಮಗ್ಗ ಹಾಕಿದ್ರಿ ಅಕ್ಕಾರ?"

"ಮಗ್ಗಕ್ಕಲ್ಲ, ಬ್ಲೌಸಿಗೆ."

ಗೌರಕ್ಕ ಡಬ್ಬಿ ತುಂಬಿಕೊಟ್ಟಳು, ಆದರೆ ಕೈಬಿಡಲಿಲ್ಲ. "ಇದು ನೂಲಿಗಿ ಹಚ್ಚೂದ್ರಿ. ಇದರಾಗ ಏನೇನ ಕೂಡಿಸಿರ್ತಾರ. ಹಾಕೂದ ಇದ್ರ ಒಂದ ಬಕೀಟ ನೀರಿಗಿ ಒಂದ ಚಮಚಾ ಹಾಕ್ರಿ. ಅದೂ ಸಣ್ಣ ಚಮಚಾ."

"ಸ್ಟಾರ್ಚಿಂಗ್ ನನಗ ಕಾನ್ವೆಂಟಿನಾಗ ಕಲಿಸ್ಯಾರ, ಗೌರಕ್ಕ."

"ಹಂಗಿದ್ರ ಆತು ಬಿಡ್ರಿ" ಎಂದು ಅವಳು ಡಬ್ಬಿ ಬಿಟ್ಟಳು. ಆ ದನಿಯಲ್ಲಿ ಕರುಣೆ ಇತ್ತೆಂಬುದು ನನಗೆ ಹೊಳೆದದ್ದು ಅಂದು ಸಂಜೆ.

ಒಂದು ಚಮಚೆಯಿಂದ ನನ್ನ ಎಂಬತ್ತು ನಿರಿಗೆಗಳಲ್ಲಿ ಒಂದೂ ಎದ್ದು ನಿಲ್ಲಲಾರದು ಎಂದು ನಾನು ವೈಜ್ಞಾನಿಕವಾಗಿ ತೀರ್ಮಾನಿಸಿದೆ. ಅರ್ಧ ಡಬ್ಬಿ ಗಂಜಿಗೆ ಎರಡು ತಂಬಿಗೆ ನೀರು ಹಾಕಿ ಬ್ಲೌಸನ್ನು ಅದ್ದಿದೆ. ಇನ್ನು ತೋಳು ದುಂಡಗೆ ಒಣಗಬೇಕು. ಸಿಸ್ಟರ್ ಬೆನೆಡಿಕ್ಟಾ ಒಳಗೆ ಟಿಶ್ಯೂ ಪೇಪರ್ ತುಂಬುತ್ತಿದ್ದರು. ಬನಹಟ್ಟಿಯಲ್ಲಿ ಟಿಶ್ಯೂ ಪೇಪರಿಗೆ ಎಲ್ಲಿ ಹೋಗಲಿ? ಸುದ್ದಿಪತ್ರಿಕೆ ತುಂಬಿದರೆ ಮೊಮ್ಮಗಳ ತೋಳಿನ ಮೇಲೆ ಚುನಾವಣೆಯ ಸುದ್ದಿ ಅಚ್ಚಾಗುವ ಭಯ. ಉಡಿ ತುಂಬಲು ತಂದಿದ್ದ ಐದು ತೆಂಗಿನಕಾಯಿಗಳು ಬುಟ್ಟಿಯಲ್ಲಿದ್ದವು. ದುಂಡಗಿದ್ದವು. ಒಂದೊಂದು ತೋಳಿಗೆ ಒಂದೊಂದು ಕಾಯಿ ಇಳಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು, ಕೆಳಗೆ ಬಂದು ಚಹಾ ಕುಡಿದೆ. ಅಷ್ಟು ರುಚಿಯಾದ ಚಹಾವನ್ನು ಆಮೇಲೆ ಕುಡಿದಿಲ್ಲ.

ಸಂಜೆ ಮಾಳಿಗೆಗೆ ಹೋದರೆ ಬ್ಲೌಸು ತನ್ನಷ್ಟಕ್ಕೆ ತಾನೇ ಕೂತಿತ್ತು. ಎದೆ ಸೆಟೆದು, ತೋಳು ಉಬ್ಬಿಸಿ, ಕುಸ್ತಿಗೆ ಇಳಿದ ಪೈಲವಾನನಂತೆ. ಸಂತೋಷದಿಂದ ನಮ್ಮವರನ್ನು ಕೂಗಿದೆ. ಅವರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದರೊಳಗ ಯಾರ ಅದಾರ?" ಎಂದರು.

ಕಾಯಿ ತೆಗೆಯಲು ಕೈ ಹಾಕಿದೆ. ಕಾಯಿ ಬರಲಿಲ್ಲ. ಜಗ್ಗಿದೆ. ಕಾಯಿಯ ಜೊತೆ ಬ್ಲೌಸೇ ಬಂತು. ಕಾಯಿಯ ನಾರಿಗೂ ವಾಯಿಲ್ಲಿಗೂ ನಡುವೆ ಗಂಜಿ ಬಿಡಿಸಲಾರದ ಬಂಧ ಬೆಸೆದಿತ್ತು. ನಮ್ಮವರು ಟೇಪು ತಂದು ಅಳೆದರು.

"ತೋಳಿನ ಬಾಯಿ ಹನ್ನೊಂದು ಇಂಚು. ಕಾಯಿ ಹದಿಮೂರು. ಒಳಗ ಹೆಂಗ ಹಾಕಿದಿ?"

"ಹಸೀ ಇದ್ದಾಗ ಹಿಗ್ಗಿತ್ತು."

"ಹಂಗಿದ್ರ ಈ ಲೆಕ್ಕಕ್ಕ ಉತ್ತರ ಇಲ್ಲ" ಎಂದು ಟೇಪು ಸುತ್ತಿಕೊಂಡು ಇಳಿದುಹೋದರು.

ಗೌರಕ್ಕನನ್ನು ಕರೆಸಿದೆ. ಅವಳು ಬೆರಳಿನಿಂದ ಬಡಿದು ನೋಡಿದಳು. "ಒಂದ ದಿನಾ ಪೂರ್ತಿ ನೀರಾಗ ನೆನೀಬೇಕ್ರಿ. ಜಗ್ಗಿದ್ರ ಹಳೇ ಅರಬಿ, ಹರದಹೊಕ್ಕೈತಿ." ಆಮೇಲೆ ಡಬ್ಬಿಯೊಳಗೆ ಇಣುಕಿ, "ಚಮಚಾ ದೊಡ್ಡದ ಇತ್ತೇನ್ರಿ?" ಎಂದು ಕೇಳಿದಳು. ಕಾರ್ಯವಿದ್ದದ್ದು ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ.

ನನ್ನ ಯೋಜನೆ ಸರಳವಾಗಿತ್ತು. ಬೀಗರ ಮನೆ ಮುಟ್ಟಿದ ಕೂಡಲೇ ಪಲ್ಲವಿಯನ್ನು ಒಳಗೆ ಕರೆದು, ಬಿಸಿನೀರು ಹಾಕಿ, ಗುಟ್ಟಾಗಿ ಬಿಡಿಸುವುದು. ಆದರೆ ನಾವು ಮುಟ್ಟುವಷ್ಟರಲ್ಲಿ ಹೆಂಗಸರೆಲ್ಲ ಕೂತಾಗಿತ್ತು. ಸೊಸೆಯ ಕೈಯಿಂದ ಕುಬಸದ ತಾಟನ್ನು ಯಾರೋ ಇಸಿದುಕೊಂಡರು. ಬನಹಟ್ಟಿಯಿಂದ ಬಂದ ಬಟ್ಟೆ ಎಂದ ಮೇಲೆ ಬೆರಳಲ್ಲಿ ಉಜ್ಜಿ ನೋಡದೆ ಬಿಡುತ್ತಾರೆಯೇ? ತಾಟು ಕೈಯಿಂದ ಕೈಗೆ ಹೊರಟಿತು.

ಮೊದಲನೆಯವರ ಕೈ ಭಾರಕ್ಕೆ ಕುಸಿಯಿತು. "ತವರ ಮನಿಯವರು ಭಾಳ ಗಟ್ಟಿಮುಟ್ಟ ಕೊಟ್ಟಾರ" ಎಂದರು. ಎರಡನೆಯವರು ಬಡಿದರು. ಡಬ್ ಡಬ್ ಎಂದಿತು. ಮೂರನೆಯ ಮುದುಕಿ ತೋಳನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಸಭೆಗೆ ತೀರ್ಪು ಕೊಟ್ಟಳು. "ಒಳಗ ನೀರ ಐತ್ರಿ."

ಪಲ್ಲವಿಯ ಅತ್ತೆ ಶಾಂತಕ್ಕ ಎದ್ದುಬಂದರು. ಹುನ್ನೂರಿನ ಹೊಲಮನೆಯ ಹೆಣ್ಣುಮಗಳು. ಮಾತು ಕಡಿಮೆ. ತೋಳಿನೊಳಗೆ ಇಣುಕಿ ನೋಡಿ, ನನ್ನ ಕಡೆ ತಿರುಗಿದರು.

"ಅಮ್ಮಾರ, ನಾವು ಕಾಯಿ ಉಡಿಯಾಗ ಹಾಕ್ತೀವ್ರಿ. ನಿಮ್ಮ ಕಡೆ ತೋಳಿನಾಗ ಹಾಕ್ತಾರೇನ್ರಿ?"

"ಇದು... ಓಲ್ಡ್ ಸ್ಟೈಲ್" ಎಂದೆ. ಅರವತ್ತು ವರ್ಷದ ನನ್ನ ಇಂಗ್ಲಿಷ್ ಅಂದು ಅಲ್ಲಿಗೆ ಮುಗಿಯಿತು. ನಿಜ ಹೇಳಿದೆ. ಗಂಜಿ, ಡಬ್ಬಿ, ಚಮಚ, ಎಲ್ಲ. ಇನ್ನೇನು ಒಳಗಿನಿಂದ ಹರಳಿನ ಬ್ಲೌಸು ಮಿಣಿಮಿಣಿ ಎಂದು ಬರುತ್ತದೆ, ನನ್ನ ತಾಯಿಯ ವಾಯಿಲ್ ಎರಡು ಕಾಯಿ ಹೊತ್ತುಕೊಂಡು ವಾಪಸು ಹೋಗುತ್ತದೆ ಎಂದು ತಲೆ ತಗ್ಗಿಸಿ ಕೂತೆ. ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುವಿನ ನಡುವೆಯೇ ಹೇಳಿದಳು.

"ಅತ್ತಿ, ನಾ ಇದನ್ನ ಹಾಕ್ಕೊಳ್ಳಾಕಿ. ಬ್ಯಾರೆದ್ದು ಒಲ್ಲೆ."

ಶಾಂತಕ್ಕ ಸೆರಗು ಸಿಕ್ಕಿಸಿಕೊಂಡರು. ಬ್ಲೌಸನ್ನು ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಡತೋಳು ಇಟ್ಟು, ಗುಂಡುಕಲ್ಲಿನಿಂದ ಒಂದು ಪೆಟ್ಟು. ಬಲತೋಳಿಗೆ ಇನ್ನೊಂದು. ತೋಳಿನ ಬಾಯಿಯಿಂದ ಕಾಯಿಯ ನೀರು ಸುರಿಯಿತು. ಆ ನೀರಿಗೆ ಗಂಜಿ ಒಂದಿಷ್ಟು ಸಡಿಲಾಗಿ, ಚಿಪ್ಪಿನ ಚೂರುಗಳು ಒಂದೊಂದಾಗಿ ಹೊರಗೆ ಬಂದವು. ಬಟ್ಟೆಯ ಒಂದು ಎಳೆಗೂ ಪೆಟ್ಟಾಗಲಿಲ್ಲ. ತೋಳುಗಳು ಹಾಗೆಯೇ ದುಂಡಗೆ ನಿಂತಿದ್ದವು. ಮಗ್ಗದ ಗಂಜಿಯ ಬಗ್ಗೆ ಯಾರು ಏನೇ ಹೇಳಲಿ, ಅದು ಮಾತಿಗೆ ತಪ್ಪುವುದಿಲ್ಲ.

ಪಲ್ಲವಿ ಅದನ್ನು ತೊಟ್ಟುಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಹಸಿರು ಸೀರೆ, ಹಸಿರು ಬಳೆ, ಕಿವಿಯವರೆಗೆ ಎದ್ದ ಎರಡು ಪಫ್ ತೋಳು. ಗೋಡೆಯ ಫೋಟೋದ ಹುಡುಗಿಗೆ ಬಣ್ಣ ಬಂದು, ಹೊಟ್ಟೆಯೂ ಬಂದಂತಿತ್ತು. ನಾನು ಸಿಸ್ಟರ್ ಬೆನೆಡಿಕ್ಟಾರನ್ನು ಮನಸ್ಸಿನಲ್ಲೇ ವಂದಿಸಿದೆ. ಫೋಟೋ ತೆಗೆದಾಯಿತು. ಆರತಿಯಾಯಿತು. ಉಳಿದ ಮೂರು ಕಾಯಿಯಲ್ಲಿ ಉಡಿಯೂ ಆಯಿತು.

ಊಟಕ್ಕೆ ತಾಟು ಇಟ್ಟಾಗ ಪಲ್ಲವಿ ಮೆಲ್ಲಗೆ ಹೇಳಿದಳು. "ಆಯಿ, ಕೈ ಬಾಯಿಗೆ ಮುಟ್ಟವಲ್ದು."

ತೋಳು ಮತ್ತೆ ಒಣಗಿ ಸೆಟೆದಿದ್ದವು. ಕೈ ಮೇಲೂ ಹೋಗದು, ಕೆಳಗೂ ಇಳಿಯದು. ಬಲಗಡೆ ನಾನು ಕೂತೆ, ಎಡಗಡೆ ಶಾಂತಕ್ಕ ಕೂತರು. ಇಬ್ಬರೂ ಸರದಿಯಂತೆ ಹೋಳಿಗೆಯ ತುತ್ತು ಹಾಕಿದೆವು. ಮುಧೋಳದಿಂದ ಬಂದಿದ್ದ ಒಬ್ಬರು ಬೆರಗಾಗಿ ನೋಡಿ, "ಇದ್ಯಾವ ಪದ್ಧತಿರಿ?" ಎಂದರು.

ಶಾಂತಕ್ಕ ಕಣ್ಣು ಮಿಟುಕಿಸದೆ, "ಬನಹಟ್ಟಿ ಪದ್ಧತ್ರಿ" ಎಂದರು.

"ಭಾಳ ಛಲೋ ಐತಿ. ನಮ್ಮ ಸೊಸಿಗೂ ಹಿಂಗ ಮಾಡ್ತೀವಿ."

ಊಟ ಮುಗಿಯುವಷ್ಟರಲ್ಲಿ ಒಳಗೆ ಉಳಿದಿದ್ದ ತೆಂಗಿನ ನಾರು ಚುಚ್ಚತೊಡಗಿತ್ತು. ಬೆವರಿಗೆ ಗಂಜಿ ಕರಗಿ ಬೆನ್ನಿಗೆ ಅಂಟಿತ್ತು, ಹುಕ್ಕುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹುಡುಗಿ ಪಾಪ, ನನ್ನ ಮುಖ ನೋಡಿ ಏನೂ ಹೇಳುತ್ತಿರಲಿಲ್ಲ. ಮೈಮೇಲೆ ಕೆಂಪು ದದ್ದು ಎದ್ದದ್ದನ್ನು ನೋಡಿ ನಾನೇ ಕತ್ತರಿ ಕೇಳಿದೆ. ನನ್ನ ತಾಯಿಯ ವಾಯಿಲ್ಲನ್ನು ಬೆನ್ನಿನ ನಡುವೆ ಮೇಲಿನಿಂದ ಕೆಳಗೆ ನಾನೇ ಕತ್ತರಿಸಿದೆ. ಶಾಂತಕ್ಕ ಆ ತುಂಡುಗಳನ್ನು ಮಡಚಿ ಒಳಗೆ ಒಯ್ದರು. ನೆಲ ಒರೆಸಲು ಇಟ್ಟುಕೊಂಡಿರಬೇಕೆಂದು ನಾನು ಕೇಳಲಿಲ್ಲ. ಪಲ್ಲವಿ ಸಂಜೆಯವರೆಗೂ ಹರಳಿನ ಬ್ಲೌಸಿನಲ್ಲಿ ಆರಾಮವಾಗಿ ಕೂತಿದ್ದಳು. ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಇದನ್ನು ನಾನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತಿದ್ದೇನೆ.

ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಶಾಂತಕ್ಕ ಬಂದು ಒಂದು ಸಣ್ಣ ಗಂಟು ಬಿಚ್ಚಿದರು. ಒಳಗೆ ಹಸಿರು ವಾಯಿಲ್ಲಿನ ಎರಡು ಕುಲಾಯಿ. ಆ ಎರಡು ತೋಳುಗಳನ್ನೇ ಬಿಡಿಸಿ ಕೂಸಿನ ತಲೆಗೆ ಹೊಲಿದಿದ್ದರು. ಒಂದೊಂದರಲ್ಲೂ ನಿರಿಗೆ ನಲವತ್ತೂ ಇದ್ದವು.

"ಎಂಟ ಸಲ ಒಗದೀನ್ರಿ ಅಮ್ಮಾರ. ಗಂಜಿ ಪೂರಾ ಹೋಗೇತಿ. ಹೊಸಾ ಅರಬಿ ಕೂಸಿಗಿ ಚುಚ್ಚತೈತಿ, ಹಳೇದ ಬೇಕು. ಇಂಥಾ ಮೆತ್ತನ್ನ ಅರಬಿ ಈಗ ಎಲ್ಲಿ ಸಿಗತೈತ್ರಿ?"

ನಾನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದೆ. ಐವತ್ತು ವರ್ಷ ಈ ಊರಿನಲ್ಲಿದ್ದು ನಾನು ಬಟ್ಟೆಯನ್ನು ಹಾಗೆ ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಹೊರಗೆ ಕಟ್ಟೆಯ ಮೇಲೆ ಗಂಡಸರೊಂದಿಗೆ ಕೂತಿದ್ದ ನಮ್ಮವರಿಗೆ ಕುಲಾಯಿಯ ಸುದ್ದಿ ಮುಟ್ಟಿತು. ನನ್ನನ್ನು ಕರೆದು, "ಅಂತೂ ನಿನ್ನ ಫ್ಯಾಶನ್ ಒಪ್ಪಾವರು ಒಬ್ಬರು ಹುಟ್ಟಿದ್ರು" ಎಂದರು. ನಾನು ಸೆರಗು ಸರಿಮಾಡಿಕೊಂಡು, ಅತ್ಯಂತ ಲೇಡಿಲೈಕ್ ಆಗಿ ತಲೆಯಾಡಿಸಿದೆ.

ಕುಲಾಯಿ ಹಾಕಿದ ಕೂಡಲೇ ಕೂಸು ಮನೆ ಹಾರಿಹೋಗುವಂತೆ ಅತ್ತಿತು, ತೆಗೆದ ಕೂಡಲೇ ಸುಮ್ಮನಾಯಿತು. ಅದನ್ನು ನಾನು ನಮ್ಮವರಿಗೆ ಇನ್ನೂ ಹೇಳಿಲ್ಲ.